ಒಂದೇ ಶಿಲ್ಪದ ಮುಂದೆ ಎರಡು ಗಂಟೆ

ಕೇಳುಗರಿಗೆ ನಮಸ್ಕಾರ. "ಏನು ಬರೆಯಬೇಕು ಅಂತಲೇ ತೋಚುತ್ತಿಲ್ಲ, ಸ್ಫೂರ್ತಿ ಎಲ್ಲಿಂದ ತರೋದು?" ಚಿತ್ರಕಲೆ ಕಲಿಯುವ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆ ಇದು. ಮೊಬೈಲಿನಲ್ಲಿ ದಿನಕ್ಕೆ ನೂರಾರು ಚಿತ್ರ ನೋಡುವವರಿಗೇ ಈ ತೊಂದರೆ ಹೆಚ್ಚು. ಕಣ್ಣು ನೋಡಿದ್ದು ಕೈಗೆ ಇಳಿದಿರುವುದಿಲ್ಲ, ಅಷ್ಟೇ. ಇವತ್ತು ಒಂದು ಜಾಗ ಇಟ್ಟುಕೊಂಡು ಮಾತಾಡೋಣ: ಸೋಮನಾಥಪುರ.

ಮೈಸೂರಿನಿಂದ ಸುಮಾರು 35 ಕಿಲೋಮೀಟರ್. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಅಲ್ಲಿದೆ. ಕಲ್ಲು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಸರದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಆದದ್ದು ಇದರಿಂದ. ಎಷ್ಟೋ ಮೂರ್ತಿಗಳ ಪೀಠದಲ್ಲಿ ಶಿಲ್ಪಿಗಳ ಹೆಸರಿದೆ. ಮಲ್ಲಿತಮ್ಮ, ಮಸಣಿತಮ್ಮ, ಚಾಮಯ್ಯ ಹೀಗೆ. ಮಲ್ಲಿತಮ್ಮನ ಎರಡು ಮೂರ್ತಿ ನೋಡಿ, ಆಮೇಲೆ ಇನ್ನೊಬ್ಬನ ಒಂದು ಮೂರ್ತಿ ನೋಡಿ. ಶೈಲಿ ಎಂದರೇನೆಂದು ತರಗತಿಯ ಪಾಠಕ್ಕಿಂತ ಬೇಗ ಗೊತ್ತಾಗುತ್ತದೆ.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಓರೆ ಬಿಸಿಲು ಬಿದ್ದಾಗ ಉಬ್ಬು ತಗ್ಗು ಕಾಣುತ್ತದೆ. ನಡುಮಧ್ಯಾಹ್ನ ಮೇಲಿನ ಸೂರಿನ ನೆರಳು ಮುಖದ ಮೇಲೆ ಬೀಳುತ್ತದೆ. ಎ5 ಅಳತೆಯ ಪುಸ್ತಕ, ಎಚ್‌ಬಿ ಮತ್ತು 4ಬಿ ಪೆನ್ಸಿಲ್ ಸಾಕು. ರಬ್ಬರ್ ಮನೆಯಲ್ಲೇ ಬಿಡಿ. ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟಬೇಡಿ, ಗೋಡೆ ಸುತ್ತಿ ಒಂದೇ ಮೂರ್ತಿ ಆರಿಸಿಕೊಳ್ಳಿ.

ಬಹುತೇಕರು ತಪ್ಪುವುದು ಇಲ್ಲೇ. ಕಿರೀಟ, ಡಾಬು, ಕಾಲ್ಗೆಜ್ಜೆಯಿಂದ ಶುರು ಮಾಡುತ್ತಾರೆ. ಒಡವೆ ಚೆನ್ನಾಗಿ ಬರುತ್ತದೆ, ದೇಹ ಮಾತ್ರ ಈಗಲೋ ಆಗಲೋ ಬೀಳುವ ಹಾಗೆ ಕಾಣುತ್ತದೆ. ದಾರಕ್ಕೊಂದು ಸಣ್ಣ ನಟ್ಟು ಕಟ್ಟಿ, ಕಣ್ಣಿನ ಮುಂದೆ ಇಳಿಬಿಟ್ಟು, ಮೂರ್ತಿಯ ಕತ್ತಿನ ಗುಳಿಗೆ ಹೊಂದಿಸಿ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತ ಮೈಯಲ್ಲಿ ಆ ದಾರ ಹೆಚ್ಚುಕಡಿಮೆ ಭಾರ ಹೊತ್ತ ಪಾದದ ಹತ್ತಿರ ಇಳಿಯುತ್ತದೆ. ಆ ಕಾಲಿನ ಕಡೆ ಸೊಂಟ ಮೇಲೆದ್ದಿರುತ್ತದೆ, ಭುಜ ಸಾಮಾನ್ಯವಾಗಿ ತಗ್ಗಿರುತ್ತದೆ. ಭುಜಕ್ಕೊಂದು ಗೆರೆ, ಸೊಂಟಕ್ಕೊಂದು ಗೆರೆ, ದಾರದ ಗೆರೆ: ಈ ಮೂರರಲ್ಲೇ ಎರಡೆರಡು ನಿಮಿಷದ ಐದು ಚಿತ್ರ ಬರೆಯಿರಿ. ಆಮೇಲೆ ದೊಡ್ಡ ಚಿತ್ರಕ್ಕೆ ನಲವತ್ತು ನಿಮಿಷ. ಕೈ ಚಾಚಿ ಪೆನ್ಸಿಲ್ ಹಿಡಿದು, ಮೂರ್ತಿಯ ತಲೆಯ ಉದ್ದವನ್ನು ಅದರ ಮೇಲೆ ಗುರುತಿಸಿ, ಇಡೀ ಮೈ ಅಂಥ ಎಷ್ಟು ತಲೆಯ ಎತ್ತರ ಎಂದು ಎಣಿಸುವಾಗ ಮೊಣಕೈ ನೆಟ್ಟಗಿರಲಿ, ಒಂದು ಕಣ್ಣು ಮುಚ್ಚಿರಲಿ. ಕೈ ಮಡಿಚಿದರೆ ಅಳತೆ ಬದಲಾಗುತ್ತದೆ. ಮನುಷ್ಯರನ್ನು ಏಳೂವರೆ ತಲೆಯೆಂದು ಲೆಕ್ಕ ಹಾಕುವವರಿಗೆ ಹೊಯ್ಸಳ ಮೂರ್ತಿಗಳು ಗಿಡ್ಡವೆನಿಸುತ್ತವೆ. ಅದನ್ನು ತಿದ್ದಲು ಹೋಗಬೇಡಿ.

ಫೋಟೊ ತೆಗೆಯಬಾರದೆಂದಲ್ಲ. ಚಿತ್ರ ಮುಗಿದ ಮೇಲೆ ತೆಗೆಯಿರಿ, ಅದೂ ದೂರ ನಿಂತು. ಹತ್ತಿರದಿಂದ, ಕೆಳಗಿನಿಂದ ತೆಗೆದರೆ ಕಾಲು ದಪ್ಪ, ತಲೆ ಚಿಕ್ಕದು. ಸಂಜೆ ಮನೆಯಲ್ಲಿ, ಪುಸ್ತಕ ಮುಚ್ಚಿ, ಅದೇ ಮೂರ್ತಿಯನ್ನು ನೆನಪಿನಿಂದ ಬರೆಯಿರಿ. ಎಲ್ಲಿ ಪೆನ್ಸಿಲ್ ನಿಲ್ಲುತ್ತದೋ ಅಲ್ಲಿ ನೀವು ನೋಡಿಯೇ ಇಲ್ಲ.

ಬೆಳಕು ಕಲಿಯಲು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ. ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರ ಅಲ್ಲಿದೆ. ಎಷ್ಟೋ ಜನ ಅದನ್ನು ರವಿವರ್ಮನದೆಂದೇ ತಿಳಿದಿರುತ್ತಾರೆ. ಕಣ್ಣು ಅರೆಮುಚ್ಚಿ ನೋಡಿದರೆ ಬಣ್ಣ ಹಿಂದೆ ಸರಿದು ಬೆಳಕು, ನಡುಛಾಯೆ, ಕತ್ತಲು ಮೂರೇ ಉಳಿಯುತ್ತವೆ. ಅಷ್ಟನ್ನೇ ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ತುಂಬಿ. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳು ಕೆಂಪಾಗಿ ಹೊಳೆಯುವುದನ್ನು ಬೇರೆಯಾಗಿ ಬರೆದುಕೊಳ್ಳಿ. ಮನೆಯಲ್ಲಿ ಮೇಣದಬತ್ತಿ ಹಚ್ಚಿ ನಿಮ್ಮದೇ ಕೈಯಿಂದ ಪರೀಕ್ಷಿಸುವಾಗ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಬಳಸಿ. ತೆಳು ಕಾಗದ ನೀರಿಗೆ ಸುರುಳಿಯಾಗಿ ಬಣ್ಣ ಗುಂಡಿಗಳಲ್ಲಿ ನಿಲ್ಲುತ್ತದೆ. ಬೆಳಕಿನ ಜಾಗವನ್ನು ಮೊದಲೇ ಖಾಲಿ ಬಿಡಬೇಕು. ಆಮೇಲೆ ಬಿಳಿ ಬಳಿದರೆ ಸುಣ್ಣ ಹಚ್ಚಿದ ಹಾಗೆ ಕಾಣುತ್ತದೆ.

ಪುಸ್ತಕದ ಕೊನೆಯ ಪುಟಗಳು ಪ್ರಶ್ನೆಗಳಿಗಿರಲಿ. ಸೋಮನಾಥಪುರದ ಗೋಡೆಯ ಕೆಳಪಟ್ಟಿಯಲ್ಲಿ ಆನೆ, ಕುದುರೆ, ಎಲೆಬಳ್ಳಿ, ಕಥೆಯ ದೃಶ್ಯ, ಮಕರ (ಮೊಸಳೆಯಂಥ ಕಾಲ್ಪನಿಕ ಪ್ರಾಣಿ), ಹಂಸ ಸಾಲಾಗಿವೆ. ಮಕರದ ಬಾಲ ಬಳ್ಳಿಯ ಹಾಗೆ ಸುರುಳಿಯಾಗುತ್ತದಲ್ಲ, ತಿರುವು ಎಲ್ಲಿ ಶುರುವಾಗುತ್ತದೆ? ಇಂಥ ಒಂದು ಪ್ರಶ್ನೆ ಹಿಡಿದು ಗ್ರಂಥಾಲಯಕ್ಕೆ ಹೋದರೆ ಓದು ದಿಕ್ಕು ತಪ್ಪುವುದಿಲ್ಲ, ಮುಂದಿನ ಹತ್ತು ಚಿತ್ರಕ್ಕೆ ವಸ್ತುವೂ ಅಲ್ಲೇ ಸಿಗುತ್ತದೆ. ಹಳೇಬೀಡಿನಲ್ಲೂ ಮಕರದ ಸಾಲಿದೆ. ಎರಡನ್ನೂ ಎದುರುಬದುರು ಇಟ್ಟು ನೋಡಲು, ಎಡಪುಟದಲ್ಲಿ ಸೋಮನಾಥಪುರದ್ದನ್ನು ಬರೆದು ಬಲಪುಟ ಖಾಲಿ ಬಿಟ್ಟಿರಿ. ನಮಸ್ಕಾರ.