ಹಳೇಬೀಡಿನ ಸಿಟ್ಟು, ಹೇಗ್‌ನ ಕೋರ್ಟು

ನಮಸ್ಕಾರ. ಹಳೇಬೀಡಿನಲ್ಲಿ ಮುಕ್ಕಾದ ಮೂರ್ತಿ ಕಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ? 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ಸೈನ್ಯ ದ್ವಾರಸಮುದ್ರಕ್ಕೆ, ಅಂದರೆ ಈಗಿನ ಹಳೇಬೀಡಿಗೆ, ಬಂತು ಅಂತ ಗೈಡ್ ಹೇಳಿದ ಕೂಡಲೇ ಯಾರಾದರೂ ‘ಇದಕ್ಕೆಲ್ಲ ಶಿಕ್ಷೆ ಇಲ್ವಾ?’ ಅನ್ನುತ್ತಾರೆ. ಏಳುನೂರು ವರ್ಷ ಹಿಂದಿನದಕ್ಕೆ ಇಲ್ಲ. ಆದರೆ ಇವತ್ತು ಯುದ್ಧದ ನಡುವೆ ಬೇಕೆಂದೇ ಗುಡಿಯನ್ನೋ ಮಸೀದಿಯನ್ನೋ ಕೆಡವಿದರೆ ಅದು ಯುದ್ಧಾಪರಾಧ. ಅದಕ್ಕಾಗಿ ಜೈಲಿಗೆ ಹೋದವನೂ ಇದ್ದಾನೆ.

2012ರಲ್ಲಿ ಮಾಲಿ ದೇಶದ ಟಿಂಬಕ್ಟು ಉಗ್ರರ ಕೈಗೆ ಸಿಕ್ಕಿತು. ಅಲ್ಲಿನ ಜನ ಸಂತರ ಗೋರಿಗಳಿಗೆ ತಲೆಮಾರುಗಳಿಂದ ನಡೆದುಕೊಂಡು ಬಂದವರು. ಅದು ಧರ್ಮಕ್ಕೆ ವಿರುದ್ಧ ಅಂತ ಉಗ್ರರು ಒಂಬತ್ತು ಗೋರಿಗಳನ್ನೂ ಒಂದು ಮಸೀದಿಯ ಬಾಗಿಲನ್ನೂ ಒಡೆದರು. ಮುಂದೆ ನಿಂತು ಒಡೆಸಿದ ಅಹ್ಮದ್ ಅಲ್ ಮಹ್ದಿ ನೆದರ್ಲೆಂಡ್ಸ್‌ನ ಹೇಗ್ ನಗರದ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. 2016ರಲ್ಲಿ 9 ವರ್ಷ ಶಿಕ್ಷೆಯಾಯಿತು. ಮರುವರ್ಷ 27 ಲಕ್ಷ ಯೂರೋ ಪರಿಹಾರದ ಆದೇಶವೂ ಬಂತು. (ಅಷ್ಟರಲ್ಲಿ ಊರಿನ ಗಾರೆ ಕೆಲಸದವರೇ ಗೋರಿಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದರು.)

ನನಗೆ ಆ ತೀರ್ಪಿನಲ್ಲಿ ಹಿಡಿಸಿದ ಮಾತು ಬೇರೆ. ಆಸ್ತಿಪಾಸ್ತಿಯ ಮೇಲಿನ ಅಪರಾಧಕ್ಕಿಂತ ಮನುಷ್ಯರ ಮೇಲಿನ ಅಪರಾಧ ಸಾಮಾನ್ಯವಾಗಿ ಹೆಚ್ಚು ಗಂಭೀರ ಅಂತ ಜಡ್ಜ್‌ಗಳೇ ಹೇಳಿದರು. ಅದೇ ಊರಿನಲ್ಲಿ ಜನರಿಗೆ ಚಾಟಿಯೇಟು, ಚಿತ್ರಹಿಂಸೆ ಕೊಡಿಸಿದ್ದರಲ್ಲಿ ಕೈಯಿದ್ದ ಇನ್ನೊಬ್ಬನಿಗೆ 2024ರಲ್ಲಿ ಅದೇ ಕೋರ್ಟು 10 ವರ್ಷ ಶಿಕ್ಷೆ ಕೊಟ್ಟಿತು.

ಹಾಗಾದರೆ ಮನುಷ್ಯರ ವಿಷಯದಲ್ಲಿ ನಮ್ಮ ದೇಶ ಎಲ್ಲಿದೆ? ಹೇಗ್‌ನ ಆ ಕೋರ್ಟಿಗೆ ನಾವು ಸೇರಿಲ್ಲ. 1998ರಲ್ಲಿ ಅದನ್ನು ಸ್ಥಾಪಿಸುವ ಒಪ್ಪಂದಕ್ಕೆ ರೋಮ್‌ನಲ್ಲಿ ಮತ ಹಾಕುವಾಗ ದೂರ ಉಳಿದೆವು. ಕೋರ್ಟಿಗೆ ಸೇರದ ದೇಶದ ಕೇಸನ್ನೂ ಅಲ್ಲಿಗೆ ಕಳಿಸುವಷ್ಟು ಅಧಿಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಯಾಕೆ ಅನ್ನುವುದು ನಮ್ಮ ತಕರಾರು. ಅದರಲ್ಲಿ ಹುರುಳಿದೆ. ಆ ಮಂಡಳಿಯ ಕಾಯಂ ಸದಸ್ಯರಾದ ಅಮೆರಿಕ, ರಷ್ಯಾ, ಚೀನಾ ತಾವು ಕೋರ್ಟಿಗೆ ಸೇರದೆ ಬೇರೆಯವರನ್ನು ಅಲ್ಲಿಗೆ ಎಳೆಸಬಹುದು ಅಂದರೆ ಯಾರು ಒಪ್ಪುತ್ತಾರೆ?

ಸೇರದಿದ್ದರೆ ಬೇಡ. ನಮ್ಮದೇ ಕಾನೂನು ಬೇಕಲ್ಲ? ನರಮೇಧದ (ಒಂದು ಜನಾಂಗವನ್ನೋ ಧರ್ಮದವರನ್ನೋ ಅಳಿಸಿಹಾಕಲು ಹೊರಡುವುದರ) ವಿರುದ್ಧದ 1948ರ ಒಪ್ಪಂದವನ್ನು ಭಾರತ 1959ರಲ್ಲೇ ಅಂಗೀಕರಿಸಿದೆ. ಅದಕ್ಕೆ ತಕ್ಕ ಕಾನೂನು ಮಾಡುವುದೂ ಆ ಒಪ್ಪಂದದ ಷರತ್ತು. ಮಾಡಲಿಲ್ಲ. 1984ರ ಸಿಖ್ಖರ ಹತ್ಯೆಯ ಒಂದು ಕೇಸಿನಲ್ಲಿ 2018ರಲ್ಲಿ ದೆಹಲಿ ಹೈಕೋರ್ಟ್ ಇದನ್ನು ಬಾಯಿಬಿಟ್ಟು ಹೇಳಿತು. ನರಮೇಧವಾಗಲಿ, ಮಾನವತೆಯ ವಿರುದ್ಧದ ಅಪರಾಧವಾಗಲಿ (ಅಂದರೆ ಜನಸಾಮಾನ್ಯರ ಮೇಲೆ ದೊಡ್ಡ ಮಟ್ಟದಲ್ಲೋ ಯೋಜನೆ ಹಾಕಿಯೋ ನಡೆಸುವ ದಾಳಿಯ ಭಾಗವಾದ ಕೊಲೆ, ಹಿಂಸೆ) ನಮ್ಮ ಕಾನೂನಿನಲ್ಲಿ ಇಲ್ಲ, ಈ ಲೋಪ ಬೇಗ ಸರಿಹೋಗಬೇಕು ಅಂದಿತು. ಗುಂಪು ಕಟ್ಟಿ, ಯೋಜನೆ ಹಾಕಿ ನೂರಾರು ಜನರನ್ನು ಕೊಲ್ಲಿಸಿದರೂ ನಮ್ಮಲ್ಲಿ ಅದು ಬಿಡಿ ಬಿಡಿ ಕೊಲೆ, ದೊಂಬಿ, ಒಳಸಂಚು. ಮೇಲೆ ಕೂತು ಮಾಡಿಸಿದವನನ್ನು ಹಿಡಿಯಲು ಪಡಬಾರದ ಪಾಡು.

ಆಮೇಲೆ ದಂಡ ಸಂಹಿತೆಯನ್ನೇ ಹೊಸದಾಗಿ ಬರೆದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಈ ಎರಡೂ ಅಪರಾಧ ಅದರಲ್ಲೂ ಇಲ್ಲ. ಅದರ ಬಗ್ಗೆ ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಮುಂದಿನ ಸಲ ವೋಟು ಕೇಳಲು ಬಂದವರನ್ನು ರಸ್ತೆ, ಆನೆ ಕಾಟದ ಜೊತೆ ಇದನ್ನೂ ಒಂದು ಮಾತು ಕೇಳಿ.