ಹೂ ಅರಳಿತು, ಫೈಲ್ ಮಾತ್ರ ಹೋಗುತ್ತಿಲ್ಲ! | ಸುಂಟಿಕೊಪ್ಪ ವ್ಲಾಗ್

ಬೆಳಗ್ಗೆ 5.30. ಮುಖದ ಮೇಲೆ ಬೀಳುತ್ತಿರುವುದು ಲ್ಯಾಪ್‌ಟಾಪ್ ಬೆಳಕು. ಕರೆಂಟ್ ಇಲ್ಲ. ನಿನ್ನೆ ಸಂಜೆ ಗುಡುಗಿಗೆ ಹೋಗಿದ್ದು ಇನ್ನೂ ಬಂದಿಲ್ಲ. ಕೊಡಗಿನ ಸುಂಟಿಕೊಪ್ಪದ ಕಡೆ ಮಾರ್ಚ್ ಮಳೆ ಅಂದರೆ ಹೀಗೇ. ಕಾಫಿಗೆ ಒಳ್ಳೆಯದು, ಬೇರೆ ಯಾವುದಕ್ಕೂ ಅಲ್ಲ.

ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಒಂಬತ್ತನೇ ದಿನಕ್ಕೆ ನಮ್ಮ ರೊಬಸ್ಟಾ ಕಾಫಿ ಪೂರ್ತಿ ಅರಳಿತ್ತು. ಈ ಕ್ಲಿಪ್ ನೋಡಿ. ಗಿಡದ ಮೇಲೆ ಯಾರೋ ಬೆಳ್ತಿಗೆ ಅನ್ನ ಚೆಲ್ಲಿದ ಹಾಗೆ. ವಾಸನೆ ವಿಡಿಯೋದಲ್ಲಿ ಬರುವುದಿಲ್ಲ, ಅದೊಂದು ಬೇಜಾರು. ಮೂರು ದಿನ ಶೂಟ್ ಮಾಡಿದೆ, ಒಟ್ಟು 38 ಜಿಬಿ. ಎಡಿಟ್ ಮಾಡುವ ಗೆಳೆಯ ಇರುವುದು ಮೈಸೂರಿನಲ್ಲಿ. ಇಲ್ಲಿಯ ನೆಟ್‌ವರ್ಕಿನಲ್ಲಿ ಅಪ್‌ಲೋಡ್ ಮಾಡಲು ಕೂತರೆ ಮುಂದಿನ ವರ್ಷದ ಹೂವೇ ಬಂದುಬಿಡುತ್ತದೆ. ಅದಕ್ಕೇ ಪೆನ್‌ಡ್ರೈವ್. ಪಕ್ಕದ ತೋಟದ ಚಿಕ್ಕಪ್ಪ ಏಳು ಗಂಟೆಗೆ ಜೀಪಿನಲ್ಲಿ ಮೈಸೂರಿಗೆ ಹೊರಡುತ್ತಾರೆ. ಅವರ ಕೈಗೆ ಕೊಟ್ಟರೆ ಮುಗಿಯಿತು ಅಂದುಕೊಂಡಿದ್ದೆ.

ಸ್ಕ್ರೀನ್ ನೋಡಿ. ಪೆನ್‌ಡ್ರೈವಿಗೆ ಕಾಪಿ ಹಾಕಿದ ಶುರುವಿನಲ್ಲಿ ಸೆಕೆಂಡಿಗೆ 150 ಎಂಬಿ. ಆಹಾ ಅಂತ ಕಾಫಿ ಕಾಯಿಸಲು ಎದ್ದೆ. ಲೋಟ ಹಿಡಿದು ಬರುವಷ್ಟರಲ್ಲಿ 6 ಎಂಬಿ! 38 ಜಿಬಿಗೆ 6 ಎಂಬಿ ಅಂದರೆ ಸುಮಾರು ಒಂದು ಮುಕ್ಕಾಲು ಗಂಟೆ. ಚಿಕ್ಕಪ್ಪ ಅಷ್ಟು ಹೊತ್ತಿಗೆ ಹೊರಟೇ ಹೋಗಿರುತ್ತಾರೆ.

ಆ 150 ಇದೆಯಲ್ಲ, ಅದು ಮೋಸ. ಓಡಿದ್ದು ಪೆನ್‌ಡ್ರೈವ್ ಅಲ್ಲ, ಲ್ಯಾಪ್‌ಟಾಪ್‌ನ ರ‍್ಯಾಮ್. ಈ ತಾತ್ಕಾಲಿಕ ಮೆಮೊರಿ ಫೈಲನ್ನು ಮೊದಲು ತನ್ನ ಹತ್ತಿರ ಇಟ್ಟುಕೊಂಡು 'ಹೋಯ್ತು ಹೋಯ್ತು' ಅನ್ನುತ್ತದೆ. ರ‍್ಯಾಮ್ ತುಂಬಿದ ಮೇಲೆ ಪೆನ್‌ಡ್ರೈವ್‌ನ ನಿಜವಾದ ನಡಿಗೆ ಗೊತ್ತಾಗುತ್ತದೆ. ತಪ್ಪು ನನ್ನದೂ ಇದೆ, ನಿನ್ನೆ ರಾತ್ರಿ ಸೆಟ್ಟಿಂಗ್‌ನಲ್ಲಿ 'ಬೆಟರ್ ಪರ್ಫಾರ್ಮೆನ್ಸ್' ಹಾಕಿದ್ದೆ. 2018ರ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆಗೆ ತಾನಾಗಿಯೇ ಇರುವುದು 'ಕ್ವಿಕ್ ರಿಮೂವಲ್', ಅಂದರೆ ಫೈಲನ್ನು ಹೀಗೆ ಹಿಡಿದಿಟ್ಟುಕೊಳ್ಳದೆ ನೇರ ಬರೆಯುವುದು. ನಾನು ಹಾಕಿದ್ದರಲ್ಲಿ ಎಜೆಕ್ಟ್ ಮಾಡದೆ, ಅಂದರೆ ತೆಗೆಯುತ್ತೇನೆ ಅಂತ ಕಂಪ್ಯೂಟರಿಗೆ ಹೇಳದೆ, ಕಿತ್ತರೆ ಫೈಲ್ ಅರ್ಧಕ್ಕೇ ಹಾಳು.

ಈಗ ಪೆನ್‌ಡ್ರೈವ್ ವಿಷಯ. ಈ ಕವರ್ ಹತ್ತಿರದಿಂದ ತೋರಿಸುತ್ತೇನೆ. ಕುಶಾಲನಗರದಲ್ಲಿ ತಗೊಂಡಿದ್ದು. 64 ಜಿಬಿ, 580 ರೂಪಾಯಿ. ಚೌಕಾಸಿ ಮಾಡಿ 550ಕ್ಕೆ ತಂದೆ, ಗೆದ್ದೆ ಅಂದುಕೊಂಡೆ. ದಪ್ಪ ಅಕ್ಷರದಲ್ಲಿ ಏನಿದೆ? 'ಯುಎಸ್‌ಬಿ 3.0, 100 ಎಂಬಿವರೆಗೆ'. ಅದರ ಪಕ್ಕ ಒಂದು ನಕ್ಷತ್ರದ ಗುರುತು. ನಕ್ಷತ್ರ ಹುಡುಕಿಕೊಂಡು ಹೋದರೆ ಹಿಂಭಾಗದಲ್ಲಿ, ಬಾರ್‌ಕೋಡ್ ಕೆಳಗೆ, ಇರುವೆ ಸಾಲಿನ ಹಾಗೆ: ಓದುವ ವೇಗ. ಓದುವುದು! ಅಂದರೆ ಇದರಿಂದ ಹೊರಗೆ ತೆಗೆಯುವಾಗ. ನಾನು ಮಾಡುತ್ತಿರುವುದು ಒಳಗೆ ತುಂಬುವುದು. ಬರೆಯುವ ವೇಗ ಎಷ್ಟು? ಕವರನ್ನು ಟಾರ್ಚ್ ಹಿಡಿದು ನೋಡಿದೆ, ಎಲ್ಲೂ ಇಲ್ಲ. ಜೀಪ್ ಮಾರುವವನು ಇಳಿಜಾರಿನ ಸ್ಪೀಡ್ ಮಾತ್ರ ಹೇಳಿದ ಹಾಗಾಯಿತು. ಇಲ್ಲಿಂದ ಮಡಿಕೇರಿಗೆ ಏರು, ಸ್ವಾಮಿ! ಅಗ್ಗದ ಪೆನ್‌ಡ್ರೈವ್‌ಗಳಲ್ಲಿ ಈ ಎರಡಕ್ಕೂ ಐದಾರು ಪಟ್ಟು ವ್ಯತ್ಯಾಸ ಇರುವುದು ಮಾಮೂಲು. ಅದನ್ನು ಹೇಳಿ ಮಾರಿದರೆ ಏನು ಗಂಟು ಹೋಗುತ್ತಿತ್ತು? 550 ರೂಪಾಯಿ ದಂಡ. ಇದನ್ನು ಯಾರೂ ತಗೋಬೇಡಿ.

ಅಯ್ಯೋ, ಗಂಟೆ 5.50. ಕೆಲಸ ನೋಡೋಣ.

ಇಲ್ಲಿ ಸಿಕ್ಕಿಬಿದ್ದೆ ನೋಡಿ. ಪೆನ್‌ಡ್ರೈವ್ ಹಾಕಿರುವುದು ಒಂದು ಪೋರ್ಟನ್ನು ಹಲವು ಮಾಡುವ ಹಬ್‌ಗೆ. ಮೌಸೂ ಅದರಲ್ಲೇ, ಕಾರ್ಡ್ ರೀಡರೂ ಅದರಲ್ಲೇ. ಹಬ್ ಹಳೆಯದು, ಯುಎಸ್‌ಬಿ 2.0. ಲೆಕ್ಕಕ್ಕೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ, ಕೈಗೆ ಸಿಗುವುದು ಹೆಚ್ಚೆಂದರೆ 35–40 ಎಂಬಿ. ಅದರಲ್ಲೂ ಕಾರ್ಡಿನಿಂದ ಓದುವುದು, ಪೆನ್‌ಡ್ರೈವಿಗೆ ಬರೆಯುವುದು ಎರಡೂ ಒಂದೇ ಓಣಿಯಲ್ಲಿ. ಅದಕ್ಕೇ ಇನ್ನೂ ಕಾರ್ಡಿನಲ್ಲಷ್ಟೇ ಉಳಿದಿದ್ದ ಫೈಲನ್ನೆಲ್ಲ ಮೊದಲು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಆಮೇಲೆ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿನದೇ ಈ ನೀಲಿ 3.0 ಪೋರ್ಟಿಗೆ ಹಾಕಿದೆ.

ಆದರೂ ಹೆಚ್ಚೇನೂ ಬದಲಾಗಲಿಲ್ಲ. ಯಾಕೆ ಗೊತ್ತಾ? ನಾನು ಮದುಮಗಳಿಗೆ ಬಳೆ ತೊಡಿಸುವ ಹಾಗೆ ನಿಧಾನವಾಗಿ ಹಾಕಿದ್ದೆ. 3.0 ಪೋರ್ಟಿನಲ್ಲಿ ಹಳೆಯ ನಾಲ್ಕು ಪಿನ್‌ಗಳ ಜೊತೆ ಒಳಗಡೆ ಇನ್ನೂ ಐದು ಪಿನ್ ಇವೆ. ಮೆಲ್ಲಗೆ ತಳ್ಳಿದರೆ ಹಳೆಯವು ಮೊದಲು ತಾಗುತ್ತವೆ, ಕಂಪ್ಯೂಟರ್ ಇದು 2.0 ಅಂತ ತೀರ್ಮಾನ ಮಾಡಿಬಿಡುತ್ತದೆ. ಎಜೆಕ್ಟ್ ಮಾಡಿ, ತೆಗೆದು, ಟಕ್ ಅಂತ ಒಂದೇ ಸಲಕ್ಕೆ ಹಾಕಿದೆ. 11 ಎಂಬಿ. ಪರವಾಗಿಲ್ಲ, ಬದುಕಿಕೊಂಡಿತು.

ಹಿಂದೆ ಕೇಳಿಸಿದ್ದು ಚಿಕ್ಕಪ್ಪನ ಧ್ವನಿ. ಕಾಫಿ ಕುಡಿಯಲು ಬಂದವರು ಹೆಗಲ ಮೇಲಿಂದ ನೋಡಿ, "ಏನೋ, ಬೆರಳುದ್ದದ ಡಬ್ಬಿ ತುಂಬಲು ಇಷ್ಟು ಹೊತ್ತಾ?" ಅಂದರು. "ನೂರು ಚೀಲ ಕಾಫಿ ಲಾರಿಗೆ ಹಾಕಿಬಿಡುತ್ತೇವೆ ಇಷ್ಟರಲ್ಲಿ."

ಚೀಲ ಅಂದ ಕೂಡಲೇ ನೆನಪಾಯಿತು. ಹೂ ಅರಳುವ ಟೈಮ್‌ಲ್ಯಾಪ್ಸ್‌ಗೆ ತೆಗೆದ 2,400 ಫೋಟೋ ಬಿಡಿಬಿಡಿಯಾಗಿ ಬಿದ್ದಿವೆ! ಒಂದೊಂದಕ್ಕೂ ಕಂಪ್ಯೂಟರ್ ಹೆಸರು ಬರೆಯಬೇಕು, ಜಾಗ ಗುರುತು ಮಾಡಬೇಕು, ಆಂಟಿವೈರಸ್ ಬೇರೆ ಮೂಸಿ ನೋಡಬೇಕು. ಕಾಫಿಯನ್ನು ಚೀಲ ಬಿಟ್ಟು ಬೊಗಸೆಯಲ್ಲಿ ಲಾರಿಗೆ ತುಂಬಿದ ಹಾಗೆ. ಎಲ್ಲವನ್ನೂ ಒಂದು ಜಿಪ್ ಫೈಲ್ ಮಾಡಿದೆ. ಕಂಪ್ರೆಸ್ ಮಾಡಲಿಲ್ಲ, 'ಸ್ಟೋರ್' ಅಂತ ಕೊಟ್ಟೆ. ಜೆಪಿಜಿ ಫೋಟೋ ಮೊದಲೇ ಹಿಂಡಿದ ಹಣ್ಣು, ಇನ್ನೊಮ್ಮೆ ಹಿಂಡಿದರೆ ಏನು ಬರುತ್ತದೆ?

ಅಷ್ಟರಲ್ಲಿ ಇನ್ನೊಂದು. ಡ್ರೋನಿನ ಉದ್ದ ಶಾಟ್ ಒಂದೇ 6 ಜಿಬಿ. 'ಫೈಲ್ ತುಂಬಾ ದೊಡ್ಡದು' ಅಂತ ನಿಂತುಬಿಟ್ಟಿತು. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೆಯ ಫಾರ್ಮ್ಯಾಟ್‌ನಲ್ಲಿ ಇತ್ತು, ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಆ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದೆ. ಒಳಗೆ ಇದ್ದದ್ದೆಲ್ಲ ಹೋಗುತ್ತದೆ, ನೆನಪಿರಲಿ. ನನ್ನದರಲ್ಲಿ ಅರ್ಧಂಬರ್ಧ ಕಾಪಿ ಬಿಟ್ಟರೆ ಬೇರೇನೂ ಇರಲಿಲ್ಲ.

6.24. ಮೊದಲಿಂದ ಶುರು. ಈ ಗ್ರಾಫ್ ನೋಡಿ, 22 ಎಂಬಿ, ಅಲುಗಾಡುತ್ತಿಲ್ಲ. ನೂರಲ್ಲ, ಆದರೆ ಅರ್ಧ ಗಂಟೆಯ ಕೆಲಸ. ತಗೋಬೇಡಿ ಅಂದಿದ್ದೆ ಅಲ್ವಾ? 550ಕ್ಕೆ ಇದು ಅಷ್ಟೇನೂ ಕೆಟ್ಟದ್ದಲ್ಲ. ಮೂಲೆಯಲ್ಲಿ ಬ್ಯಾಟರಿ 14 ಪರ್ಸೆಂಟ್ ಅಂತಿದೆ, ಅದನ್ನು ನೋಡಬೇಡಿ. ನಾನೂ ನೋಡುತ್ತಿಲ್ಲ.

ಹೊರಗೆ ಬೆಳಕಾಯಿತು. ರಾತ್ರಿಯ ಮಳೆಗೆ ಹೂವೆಲ್ಲ ಕಂದು ತಿರುಗಿದೆ. ಶೂಟ್ ಎರಡು ದಿನ ತಡ ಮಾಡಿದ್ದರೆ ಇದೇ ಸಿಗುತ್ತಿತ್ತು. ಆ ಕೊನೆಯ ಸಾಲು ಅಜ್ಜ ನೆಟ್ಟಿದ್ದು, ಅದರ ಕಥೆ ಒಂದಿದೆ, ಆಗ ಇಲ್ಲಿ... ಹಾಂ, ಜೀಪ್ ಸ್ಟಾರ್ಟ್ ಆಯಿತು!

6.55. ಎಜೆಕ್ಟ್ ಒತ್ತಿದೆ, ಬಳಸುತ್ತಿದ್ದೇನೆ ಅಂತಿದೆ. ಇನ್ನೂ ಬರೆಯುತ್ತಿದೆ, ಕಾಯಲೇಬೇಕು. ಚಿಕ್ಕಪ್ಪ ಹಾರ್ನ್ ಹೊಡೆಯುತ್ತಿದ್ದಾರೆ. ಬಂದೆ ಬಂದೆ! ಈಗ ಬಿಟ್ಟಿತು. ಪೆನ್‌ಡ್ರೈವ್ ಅವರ ಅಂಗಿಯ ಜೇಬಿಗೆ, ಎಲೆಯಡಿಕೆ ಪೊಟ್ಟಣದ ಪಕ್ಕ.

ಜೀಪ್ ತಿರುವು ದಾಟಿತು. ಕ್ಯಾಪ್ ನನ್ನ ಕೈಯಲ್ಲೇ ಉಳಿದಿದೆ.