ತರಚಿದ ಕೈ ಮತ್ತು ಜೀವಕೋಶದ ಎಳೆತ

[ದೃಶ್ಯ: ಮಡಿಕೇರಿ ಸಮೀಪದ ಕಾಫಿ ತೋಟ. ಮುಂಗೈಯ ಹತ್ತಿರದ ಚಿತ್ರ]

ಕಪಾತು ಮಾಡುವಾಗ ಒಣ ರೆಂಬೆ ತಗುಲಿ ಮುಂಗೈ ತರಚಿತು. ಕೆಲವು ದಿನ ಕಳೆದರೆ ಹೊಸ ಚರ್ಮ ಮುಚ್ಚಿಕೊಳ್ಳುತ್ತದೆ. ಆದರೆ ಇಲ್ಲಿ ಜಾಗ ಖಾಲಿಯಾಗಿದೆ ಎಂದು ಪಕ್ಕದ ಜೀವಕೋಶಗಳಿಗೆ ತಿಳಿಸಿದವರು ಯಾರು?

ಪಿಎಚ್‌.ಡಿ. ಮುಗಿಸಿ ಪೋಸ್ಟ್‌ಡಾಕ್ಟರಲ್ ಸಂಶೋಧನೆಗೆ ನಾನು ಆರಿಸಿಕೊಂಡ ಪ್ರಶ್ನೆ ಇದೇ. ರಾಸಾಯನಿಕ ಸಂಕೇತಗಳು ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ನಿಜ, ಆದರೆ ಅರ್ಧ ಮಾತ್ರ. ಗಾಯದ ಅಂಚಿನ ಕೋಶಗಳು ಒಂದನ್ನೊಂದು ಬಿಡದೆ ಖಾಲಿ ಜಾಗದತ್ತ ಸರಿಯುತ್ತವೆ. ಆಗ ಅವು ತಟ್ಟಿದ ಅಕ್ಕಿರೊಟ್ಟಿಯಂತೆ ಅಗಲವಾಗಿ, ತೆಳ್ಳಗಾಗುತ್ತವೆ. ಆ ಎಳೆತವೇ ಸುದ್ದಿ.

[ದೃಶ್ಯ: ಕೋಶದ ಪೊರೆ, ತೆರೆದುಕೊಳ್ಳುವ ಬಾಗಿಲಿನ ರೇಖಾಚಿತ್ರ]

ಸುದ್ದಿ ಹಿಡಿಯುವ ಪ್ರೋಟೀನಿನ ಹೆಸರು ಪೀಜೋ1. ಗ್ರೀಕ್ ಭಾಷೆಯಲ್ಲಿ ಒತ್ತಡ ಎಂಬ ಅರ್ಥದ ಪದದಿಂದ ಬಂದದ್ದು. ವಿಜ್ಞಾನಿ ಆರ್ಡೆಮ್ ಪಟಪೌಟಿಯನ್ ಅವರ ತಂಡ 72 ಜೀನ್‌ಗಳನ್ನು ಪಟ್ಟಿ ಮಾಡಿ, ಒಂದೊಂದನ್ನೇ ಸುಮ್ಮನಾಗಿಸಿ, ಸೂಕ್ಷ್ಮ ನಳಿಕೆಯಿಂದ ಕೋಶವನ್ನು ಚುಚ್ಚಿ ನೋಡಿತು. ಯಾವ ಜೀನ್ ಇಲ್ಲದಾಗ ಕೋಶಕ್ಕೆ ಒತ್ತು ತಿಳಿಯುವುದಿಲ್ಲ? ಆ ತಾಳ್ಮೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು, 2021ರಲ್ಲಿ ನೊಬೆಲ್ ಬಂತು.

ಪೊರೆ ಬಿಗಿಯಾದರೆ ಪೀಜೋ1 ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಾಯಿಯ ಮೂತ್ರಪಿಂಡದ ಕೋಶಗಳ ಹಾಳೆಯನ್ನು ಹಿಗ್ಗಿಸಿದರು. ಡಿಎನ್‌ಎ ನಕಲು ಮುಗಿಸಿ ವಿಭಜನೆಯ ಹೊಸ್ತಿಲಲ್ಲಿ ಕಾದಿದ್ದ ಕೋಶಗಳು ಒಂದೇ ಗಂಟೆಯಲ್ಲಿ ಇಬ್ಭಾಗವಾದವು!

[ದೃಶ್ಯ: ಮಡಿಕೇರಿ ದಸರಾ, ದಶಮಂಟಪಗಳ ರಾತ್ರಿ]

ಈಗ ಇದಕ್ಕೆ ವಿರುದ್ಧವಾದದ್ದು. ದಶಮಂಟಪದ ರಾತ್ರಿ ಮಡಿಕೇರಿಯ ಬೀದಿಯಲ್ಲಿ ನಿಂತವರಿಗೆ ನೂಕುನುಗ್ಗಲು ಗೊತ್ತು. ಕೋಶಗಳ ಹಾಳೆಯೂ ಹೀಗೆ ಕಿಕ್ಕಿರಿದಾಗ ಕೆಲವು ಕೋಶಗಳನ್ನು ಜೀವಂತವಾಗಿಯೇ ಹೊರದಬ್ಬಲಾಗುತ್ತದೆ. ಅದಕ್ಕೂ ಬೇಕಾದದ್ದು ಅದೇ ಪೀಜೋ1.

ಒಂದೇ ಪ್ರೋಟೀನು ಒಂದೆಡೆ ‘ಇಬ್ಬರಾಗು’ ಎಂದು, ಇನ್ನೊಂದೆಡೆ ‘ಹೊರಡು’ ಎಂದು ಹೇಳುವುದು ಹೇಗೆ? ಕೋಶಗಳು ವಿರಳವಾಗಿರುವ ಕಡೆ ಪೀಜೋ1 ಹೊರಪೊರೆಯಲ್ಲೂ ಕೋಶಕೇಂದ್ರದ ಸುತ್ತಲೂ ಕಾಣುತ್ತದೆ. ದಟ್ಟಣೆಯಲ್ಲಿ ಕೋಶದೊಳಗೆ ಗುಂಪುಗೂಡಿರುತ್ತದೆ. ಈ ಸ್ಥಳ ಬದಲಾವಣೆಯಲ್ಲೇ ಉತ್ತರವಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

[ದೃಶ್ಯ: ಮತ್ತೆ ಮುಂಗೈ, ಗಾಯ ಮುಚ್ಚಿದೆ]

ಇಲ್ಲಿ ಕೋಶಗಳು ಜಾಗ ತುಂಬಿದ ಮೇಲೆ ನಿಂತವು. ಕ್ಯಾನ್ಸರ್ ಗೆಡ್ಡೆಯಲ್ಲಿ ಎಷ್ಟೇ ಇಕ್ಕಟ್ಟಾದರೂ ವಿಭಜನೆ ನಿಲ್ಲುವುದಿಲ್ಲ. ನನ್ನ ಸೂಕ್ಷ್ಮದರ್ಶಕದ ಕೆಳಗೆ ಈಗ ಇರುವುದು ಆ ಕೋಶಗಳೇ.